ಪದೇ ಪದೇ ಉಳುಕುವ ಕಾಲಿನ ಹರಡು: ಬಾಸ್ಕೆಟ್‌ಬಾಲ್ ಆಡುವ ಮಗಳಿಗೆ ಹನ್ನೆರಡು ವಾರದ ತಾಲೀಮು

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ತುಂಬಿತು. ಒಂಬತ್ತನೇ ಕ್ಲಾಸು, ಶಾಲೆಯ ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾಳೆ. ಹೋದ ವರ್ಷ ಉಪಜಿಲ್ಲಾ ಪಂದ್ಯದಲ್ಲಿ ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಮರಳಿದ ಚೆಂಡು, ಹಿಡಿದು ಕೆಳಗಿಳಿಯುವಾಗ ಇನ್ನೊಬ್ಬಳ ಪಾದದ ಮೇಲೆ ಕಾಲಿಟ್ಟು ಬಲಗಾಲು ಉಳುಕಿತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲ ಎಂದರು. ಕ್ರೇಪ್ ಬ್ಯಾಂಡೇಜು ಸುತ್ತಿದೆವು, ಹದಿನೈದು ದಿನ ಮಲಗಿಸಿದೆವು, ಎಣ್ಣೆ ಹಾಕಿ ಉಜ್ಜಿಸಿದೆವು. ನೋವು ಹೋಯಿತು. ಆಮೇಲೆ ಎರಡು ಸಲ ಮತ್ತೆ ಅದೇ ಕಾಲು. ಈಗ ತೋಟಕ್ಕಿಳಿಯುವ ಕೆಂಪುಕಲ್ಲಿನ ಮೆಟ್ಟಿಲಲ್ಲೂ ಕಾಲು ಮಗುಚಿದಂತಾಗುತ್ತದೆ ಎನ್ನುತ್ತಾಳೆ. ಒಬ್ಬರು ಆಟ ಬಿಡಿಸಿ ಎನ್ನುತ್ತಾರೆ, ಇನ್ನೊಬ್ಬರು ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಎನ್ನುತ್ತಾರೆ. ಏನು ಮಾಡಲಿ? (ಒಬ್ಬ ತಾಯಿ, ಪೆರ್ಲ)

ಉತ್ತರ: ಆಟ ಬಿಡಿಸಬೇಡಿ. ಆಪರೇಷನ್ನಿನ ಮಾತೂ ಈಗ ಬೇಡ. ನಿಮ್ಮ ಪತ್ರ ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಮೂರು ಸಲ ಉಳುಕಿದ ಆ ಕಾಲಿಗೆ ವಿಶ್ರಾಂತಿ ಸಿಕ್ಕಿತು, ಎಣ್ಣೆ ಸಿಕ್ಕಿತು, ಪಟ್ಟಿ ಸಿಕ್ಕಿತು, ತಾಲೀಮು ಮಾತ್ರ ಒಮ್ಮೆಯೂ ಸಿಗಲಿಲ್ಲ. ನೋವು ಹೋದ ಕೂಡಲೇ ವಾಸಿಯಾಯಿತು ಎಂದುಕೊಂಡು ಅವಳು ಅಂಗಳಕ್ಕೆ ಮರಳಿದಳು. ನೋವು ಎರಡು ವಾರದಲ್ಲಿ ಹೋಗುತ್ತದೆ. ಹರಿದ ಲಿಗಮೆಂಟ್ ಬಲಗೊಳ್ಳಲು ತಿಂಗಳುಗಳು ಬೇಕು. ಕಾಲಿಗೂ ಮಿದುಳಿಗೂ ನಡುವಿನ ಹೊಂದಾಣಿಕೆಯಂತೂ ಅನೇಕರಲ್ಲಿ ಕಲಿಸದೆ ತಾನಾಗಿ ಪೂರ್ತಿ ಮರಳುವುದಿಲ್ಲ. ಒಮ್ಮೆ ಸರಿಯಾದ ತಪಾಸಣೆ ಮಾಡಿಸಿ, ಆಮೇಲೆ ಹನ್ನೆರಡು ವಾರ ಶ್ರದ್ಧೆಯಿಂದ ಕಾಲನ್ನು ದುಡಿಸಿದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಆಟಕ್ಕೆ ಮರಳುತ್ತಾರೆ.

ಆ ದಿನ ನಡೆದದ್ದೇನು ಎಂದು ಮೊದಲು ನೋಡೋಣ, ಏಕೆಂದರೆ ತಾಲೀಮಿನ ಅರ್ಥ ಅದರಲ್ಲೇ ಇದೆ. ಹರಡಿನ, ಅಂದರೆ ಪಾದ ಕಾಲಿಗೆ ಸೇರುವ ಕೀಲಿನ, ಹೊರಬದಿಯ ಗಂಟುಮೂಳೆಯಿಂದ ಮೂರು ಲಿಗಮೆಂಟ್‌ಗಳು, ಅಂದರೆ ಮೂಳೆಗೆ ಮೂಳೆ ಕಟ್ಟುವ ಗಟ್ಟಿ ಪಟ್ಟಿಗಳು, ಕೆಳಗಿಳಿಯುತ್ತವೆ. ಮುಂದಿನದು ಎಲ್ಲಕ್ಕಿಂತ ದುರ್ಬಲ, ಉದ್ದ ಸುಮಾರು ಎರಡು ಸೆಂಟಿಮೀಟರ್. ವೈದ್ಯರ ಚೀಟಿಯಲ್ಲಿ ಅದು ಎ.ಟಿ.ಎಫ್.ಎಲ್. ಎಂದಿರುತ್ತದೆ. ಹಾರಿದವರು ಇಳಿಯುವಾಗ ಬೆರಳು ಕೆಳಗೆ, ಹಿಮ್ಮಡಿ ಮೇಲೆ ಇರುತ್ತದೆ. ಕೀಲಿನೊಳಗೆ ಕೂರುವ ಟೇಲಸ್ ಎಂಬ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಬೆರಳು ಕೆಳಗಾದಾಗ ಆ ಕಿರಿದಾದ ಭಾಗವೇ ಗೂಡಿನೊಳಗೆ ಬರುವುದರಿಂದ ಕೀಲು ಸಡಿಲ. ಅದೇ ಹೊತ್ತಿಗೆ ಮುಂದಿನ ಲಿಗಮೆಂಟ್ ಬಿಗಿದು ನಿಂತಿರುತ್ತದೆ. ಪಾದದ ಹೊರ ಅಂಚು ಇನ್ನೊಬ್ಬಳ ಶೂ ಮೇಲೆ ಬಿದ್ದು ಅಂಗಾಲು ಒಳಮುಖವಾಗಿ ತಿರುಗಿತು ಎಂದರೆ ದೇಹದ ಭಾರವೆಲ್ಲ ಆ ಎರಡು ಸೆಂಟಿಮೀಟರಿನ ಮೇಲೆ. ಅದು ಹರಿದ ಮೇಲೂ ಭಾರ ಉಳಿದಿದ್ದರೆ ಹಿಮ್ಮಡಿಗೆ ಇಳಿಯುವ ಎರಡನೆಯದು, ಸಿ.ಎಫ್.ಎಲ್., ಹರಿಯುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಹೊರಗಂಟಿನ ಹಿಂದೆ ಬೆರಳಿಟ್ಟು ಪಾದವನ್ನು ಹೊರಕ್ಕೆ ತಿರುಗಿಸಲು ಮಗಳಿಗೆ ಹೇಳಿ; ಹಗ್ಗದಂಥದ್ದೊಂದು ಬೆರಳಿಗೆ ಎದ್ದು ಸಿಗುತ್ತದೆ. ಅದು ಪೆರೋನಿಯಲ್ ಸ್ನಾಯುಗಳನ್ನು ಮೂಳೆಗೆ ಕಟ್ಟುವ ಹುರಿ, ಅಂದರೆ ಕಂಡರ, ಪಾದ ಒಳಕ್ಕೆ ಮಗುಚದಂತೆ ಎಳೆದು ಹಿಡಿಯುವುದು ಅದರ ಕೆಲಸ. ಆದರೆ ಪಾದ ಮಗುಚುವುದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಸಾಕು. ಮಗುಚಿದ್ದು ತಿಳಿದ ಮೇಲೆ ಈ ಸ್ನಾಯು ಎಚ್ಚೆತ್ತು ಬಲ ಹಾಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಪಾದ ನೆಲ ಮುಟ್ಟುವ ಮೊದಲೇ, ಗಾಳಿಯಲ್ಲಿರುವಾಗಲೇ, ಸ್ನಾಯು ಬಿಗಿದು ಸಿದ್ಧವಿರಬೇಕು. ಪೆಟ್ಟಾಗದ ಕಾಲು ಇದನ್ನು ತಾನಾಗಿ ಮಾಡುತ್ತದೆ. ಲಿಗಮೆಂಟ್ ಹರಿದಾಗ ಅದರೊಳಗಿನ ಸಂವೇದನಾ ನರತುದಿಗಳೂ ಕೆಡುವುದರಿಂದ ಪಾದ ಎಲ್ಲಿದೆ, ಎಷ್ಟು ವಾಲಿದೆ ಎಂಬ ಸುದ್ದಿ ಮಿದುಳಿಗೆ ಮಂಕಾಗಿ ತಲುಪುತ್ತದೆ. ಈ ವಿಚಾರವನ್ನು 1965ರಲ್ಲಿ ಬ್ರಿಟನ್ನಿನ ಫ್ರೀಮನ್ ಮತ್ತು ಸಂಗಡಿಗರು ಮುಂದಿಟ್ಟರು. ಸಮತೋಲನದ ವ್ಯಾಯಾಮ ಮಾಡಿಸಿದರೆ ಕಾಲು ಕೈಕೊಡುವುದು ಕಡಿಮೆಯಾಗುತ್ತದೆ ಎಂದು ತೋರಿಸಿದವರೂ ಅವರೇ. ನಿಮ್ಮ ಮಗಳಿಗೆ ಮೆಟ್ಟಿಲಿಳಿಯುವಾಗ ಕಾಲಿನ ಮೇಲೆ ನಂಬಿಕೆ ಹೋದದ್ದು ಅಂಜುಬುರುಕತನದಿಂದ ಅಲ್ಲ. ಬೈಯಬೇಡಿ.

ಇದನ್ನು ‘ಹಳೆಯ ಅಸ್ಥಿರತೆ’ ಎಂದು ಕರೆಯಲು ತಜ್ಞರು ಒಪ್ಪಿಕೊಂಡ ಅಳತೆಗಳಿವೆ: ಮೊದಲ ದೊಡ್ಡ ಉಳುಕು ಆಗಿ ಕನಿಷ್ಠ 12 ತಿಂಗಳಾಗಿರಬೇಕು, ಮತ್ತೆ ಮತ್ತೆ ಉಳುಕುತ್ತಿರಬೇಕು, ಇಲ್ಲವೇ ಕಳೆದ ಆರು ತಿಂಗಳಲ್ಲಿ ಎರಡು ಸಲವಾದರೂ ಕಾಲು ಕೈಕೊಟ್ಟಿರಬೇಕು. ಇದರ ಜೊತೆಗೆ ‘ಕೇಟ್’ ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಿದೆ, ಒಟ್ಟು 30 ಅಂಕ. ಮೆಟ್ಟಿಲಿಳಿಯುವಾಗ, ಒಂಟಿಕಾಲಿನಲ್ಲಿ ನಿಂತಾಗ, ಓಡುತ್ತಾ ತಟ್ಟನೆ ತಿರುಗಿದಾಗ ಹೇಗನಿಸುತ್ತದೆ ಎಂಬಂಥ ಪ್ರಶ್ನೆಗಳು. 24 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಸ್ಥಿರತೆ ಇದೆ ಎಂದು ಲೆಕ್ಕ. ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಇದನ್ನು ಮಾಡಿಸಿ, ಅಂಕ ಬರೆದಿಡಿ. ಮೂರು ತಿಂಗಳ ನಂತರ ಹೋಲಿಸಲು ಬೇಕಾಗುತ್ತದೆ. ಮೊದಲ ಸಲ ಹರಡು ಉಳುಕಿದ ನೂರರಲ್ಲಿ ಸುಮಾರು ನಲವತ್ತು ಮಂದಿಗೆ ವರ್ಷ ಕಳೆದರೂ ಈ ತೊಂದರೆ ಉಳಿಯುತ್ತದೆ. ಉಳುಕು ಎಂದರೆ ಚಿಕ್ಕ ವಿಷಯ ಎಂದು ತಳ್ಳಿಹಾಕುವುದು ನಮ್ಮಲ್ಲಿ ಎಲ್ಲರ ಅಭ್ಯಾಸ, ಅದಕ್ಕೇ ಈ ಸಂಖ್ಯೆ ಹೇಳಿದೆ.

ಈಗ ತಪಾಸಣೆಯ ಮಾತು. ಹದಿನಾಲ್ಕರ ವಯಸ್ಸಿನಲ್ಲಿ ಉಳುಕಿನ ವೇಷ ಹಾಕಿಕೊಂಡು ಬರುವ ಬೇರೆ ತೊಂದರೆಗಳಿವೆ. ವ್ಯಾಯಾಮ ಶುರುಮಾಡುವ ಮೊದಲು ಮೂಳೆ ತಜ್ಞರು ಅವು ಇಲ್ಲವೆಂದು ಖಚಿತಪಡಿಸಬೇಕು. ಮೊದಲನೆಯದು, ಪಾದದ ಮೂಳೆಗಳು ಹುಟ್ಟಿನಿಂದಲೇ ಒಂದಕ್ಕೊಂದು ಅಂಟಿಕೊಂಡಿರುವ ಸ್ಥಿತಿ. ಚಿಕ್ಕವರಿದ್ದಾಗ ಅಂಟು ಮೃದುವಾಗಿದ್ದು ತಿಳಿಯುವುದಿಲ್ಲ. ಎಂಟರಿಂದ ಹದಿನಾರರ ನಡುವೆ ಅದು ಮೂಳೆಯಾಗಿ ಗಟ್ಟಿಯಾಗುತ್ತಾ ಪಾದ ಬಿರುಸಾಗುತ್ತದೆ, ಪದೇ ಪದೇ ಉಳುಕುತ್ತದೆ. ಮನೆಯಲ್ಲೇ ಹೀಗೆ ನೋಡಿ: ಮಗಳನ್ನು ತುದಿಗಾಲಿನಲ್ಲಿ ನಿಲ್ಲಿಸಿ ಹಿಂದಿನಿಂದ ಗಮನಿಸಿ. ಹಿಮ್ಮಡಿ ಎತ್ತಿದಾಗ ಅದು ಸ್ವಲ್ಪ ಒಳಕ್ಕೆ ತಿರುಗಿ ಅಂಗಾಲಿನ ಕಮಾನು ಎದ್ದು ಕಾಣಬೇಕು. ಪಾದ ಚಪ್ಪಟೆಯಾಗಿಯೇ ಉಳಿದು ಹಿಮ್ಮಡಿ ಹೊರಕ್ಕೆ ವಾಲಿಯೇ ಇದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ. ಹರಡಿನ ಮಾಮೂಲಿ ಎಕ್ಸ್‌ರೇಯಲ್ಲಿ ಇದು ತಪ್ಪಿಹೋಗಬಹುದು, ಪಾದದ ಓರೆ ಎಕ್ಸ್‌ರೇ ಬೇಕಾಗುತ್ತದೆ.

ಎರಡನೆಯದು ಟೇಲಸ್ ಮೂಳೆಯ ಮೇಲಿನ ಮೃದ್ವಸ್ಥಿಯ ಗಾಯ. ಕೀಲಿನ ಆಳದಲ್ಲಿ ನೋವು, ನಡುವೆ ಸಿಕ್ಕಿಕೊಂಡಂತಾಗುವುದು, ಆಡಿದ ದಿನ ರಾತ್ರಿ ಊದಿ ಮರುದಿನವೂ ಇಳಿಯದಿರುವುದು ಇದರ ಲಕ್ಷಣ. ಇದಕ್ಕೆ ಎಂ.ಆರ್.ಐ. ಬೇಕು. ಮೂರನೆಯದು ಬೆಳವಣಿಗೆಯ ಫಲಕ. ಈ ವಯಸ್ಸಿನಲ್ಲಿ ಹೊರಗಂಟಿನ ಮೂಳೆ ಉದ್ದ ಬೆಳೆಯುವ ಜಾಗ ಇನ್ನೂ ಮುಚ್ಚಿರದೆ ಇರಬಹುದು. ಅಲ್ಲಿ ಆದ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಗಂಟಿನ ತುದಿಯಿಂದ ಬೆರಳೆರಡರಷ್ಟು ಮೇಲೆ ಮೂಳೆಯನ್ನೇ ಒತ್ತಿದಾಗ ನೋವಿದ್ದರೆ ಹೇಳಬೇಕು. ಲಿಗಮೆಂಟ್ ಹರಿಯುವ ಬದಲು ತಾನು ಅಂಟಿದ ಮೂಳೆಯ ಚೂರನ್ನೇ ಕಿತ್ತುಕೊಂಡು ಬರುವುದೂ ಮಕ್ಕಳಲ್ಲಿ ಉಂಟು. ಹೊರಗಂಟಿನ ಹಿಂದೆ ಕಂಡರ ‘ಟಕ್’ ಎಂದು ಜಾರಿ ಮುಂದೆ ಬರುತ್ತದೆಯೇ ಎಂಬುದನ್ನೂ ನೋಡಿಸಿ. ಇವು ಯಾವುವೂ ಇಲ್ಲ, ಲಿಗಮೆಂಟ್ ಸಡಿಲ ಅಷ್ಟೆ ಎಂದಾದರೆ ಎಂ.ಆರ್.ಐ.ಗೆ ಅವಸರವಿಲ್ಲ.

ಎಣ್ಣೆ ಉಜ್ಜಿಸಿದ್ದರ ಬಗ್ಗೆ ನೇರವಾಗಿ ಹೇಳುತ್ತೇನೆ. ಉಳುಕು ಎಂಬ ಮಾತು ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ, ‘ಉಳುಕು ತೆಗೆಯುವವರು’ ಕರ್ನಾಟಕ-ಕೇರಳ ಗಡಿಯ ಎರಡೂ ಬದಿಯಲ್ಲಿದ್ದಾರೆ. ವಾರ ಎರಡು ವಾರ ಕಳೆದ ಮೇಲೆ ಮೀನಖಂಡವನ್ನು ಹದವಾಗಿ ನೀವಿದರೆ ಹಾಯೆನಿಸುತ್ತದೆ, ತಪ್ಪಿಲ್ಲ. ಆದರೆ ಉಳುಕಿದ ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಾಕಿ ಒತ್ತಿ ಉಜ್ಜಿದರೆ ಒಳಗೆ ರಕ್ತ ಸೋರುವುದು ಹೆಚ್ಚಿ ಊತ ಏರುತ್ತದೆ. ‘ನರ ಹೊರಳಿದೆ, ಕೂರಿಸುತ್ತೇನೆ’ ಎಂದು ಪಾದ ಹಿಡಿದು ತಿರುಚುವುದಂತೂ ಬೆಳೆಯುವ ಮಕ್ಕಳಲ್ಲಿ ಕೂಡದು. ಅಲ್ಲಿ ನರ ಹೊರಳಿರುವುದಿಲ್ಲ, ಲಿಗಮೆಂಟ್ ಹರಿದಿರುತ್ತದೆ, ಕೆಲವೊಮ್ಮೆ ಮೂಳೆಯೂ. ಸಡಿಲವಾದ ಲಿಗಮೆಂಟನ್ನು ಯಾವ ಎಣ್ಣೆಯೂ ಬಿಗಿ ಮಾಡದು.

ಶುರುವಿಗೆ ಮುಂಚೆ ಮನೆಯಲ್ಲೇ ಮೂರು ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡೂ ಕಾಲಿಗೆ, ಬರಿಗಾಲಲ್ಲಿ.

ಒಂದು, ಗೋಡೆಯ ಅಳತೆ. ಗೋಡೆಗೆ ಮುಖ ಮಾಡಿ ನಿಂತು ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಬೇಕು. ತಾಗಿದರೆ ಪಾದವನ್ನು ಅರ್ಧ ಸೆಂಟಿಮೀಟರ್ ಹಿಂದೆ ಸರಿಸಿ ಮತ್ತೆ ತಾಗಿಸಲಿ. ತಾಗುವ ಕೊನೆಯ ಜಾಗದಲ್ಲಿ ಹೆಬ್ಬೆರಳ ತುದಿಯಿಂದ ಗೋಡೆಗೆ ಎಷ್ಟು ದೂರ ಎಂದು ಸ್ಕೇಲಿನಲ್ಲಿ ಅಳೆಯಿರಿ. ಹತ್ತು ಸೆಂಟಿಮೀಟರ್ ಸುಮಾರು ಸರಿ. ಎರಡು ಕಾಲಿನ ನಡುವೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉಳುಕಿದ ಹರಡು ಬಿರುಸಾಗಿದೆ ಎಂದರ್ಥ. ಸಡಿಲವಾದ ಕೀಲು ಬಿರುಸೂ ಆಗಿರುತ್ತದೆಯೇ ಎಂದು ಕೇಳಬಹುದು. ಆಗಿರುತ್ತದೆ: ಪಕ್ಕಕ್ಕೆ ಸಡಿಲ, ಮುಂದಕ್ಕೆ ಬಿರುಸು. ಮುಂದಕ್ಕೆ ಬಾಗದ ಹರಡು ಇಳಿಯುವಾಗ ಬೆರಳು ಕೆಳಗಾದ ಸಡಿಲ ಭಂಗಿಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಎರಡು, ಚಾಚುವ ಅಳತೆ. ನೆಲದ ಮೇಲೆ ಟೇಪಿನಿಂದ ನೇರ ಗೆರೆ ಹಾಕಿ. ಒಂಟಿಕಾಲಿನಲ್ಲಿ ಗೆರೆಯ ಬುಡಕ್ಕೆ ನಿಂತು, ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕಾಲನ್ನು ಗೆರೆಯುದ್ದಕ್ಕೆ ಮುಂದೆ ಚಾಚಿ ತುದಿಬೆರಳು ನೆಲಕ್ಕೆ ಮೆಲ್ಲಗೆ ತಾಗಿಸಿ ವಾಪಸು ತರಬೇಕು. ನಿಂತ ಕಾಲಿನ ಹಿಮ್ಮಡಿ ಏಳಬಾರದು, ಚಾಚಿದ ಕಾಲಿನ ಮೇಲೆ ಭಾರ ಬಿಡಬಾರದು. ನಾಲ್ಕು ಸಲ ಅಭ್ಯಾಸ ಮಾಡಿಸಿ, ಆಮೇಲೆ ಮೂರು ಸಲ ಅಳೆದು ಹೆಚ್ಚಿನದನ್ನು ಬರೆಯಿರಿ. ಅಮೆರಿಕದ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರರನ್ನು ಹೀಗೆ ಅಳೆದ 2006ರ ಅಧ್ಯಯನದಲ್ಲಿ, ಎಡ ಬಲಗಳ ನಡುವೆ ಮುಂದಿನ ಚಾಚು 4 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದವರಿಗೆ ಕಾಲಿನ ಗಾಯ ಎರಡೂವರೆ ಪಟ್ಟು ಹೆಚ್ಚು ಕಂಡಿತು. ಮೂರನೆಯ ಅಳತೆ ಸುಲಭ: ಗೋಡೆಗೆ ಎರಡು ಬೆರಳು ಮಾತ್ರ ಆನಿಸಿ, ಒಂಟಿಕಾಲಿನಲ್ಲಿ ಹಿಮ್ಮಡಿ ಪೂರ್ತಿ ಎತ್ತಿ ಇಳಿಸುವುದು ಎಷ್ಟು ಸಲ ಆಗುತ್ತದೆ ಎಂದು ಎಣಿಸಿ.

ಮೊದಲ ಮೂರು ವಾರ. ಟೀಮಿನ ಆಟ, ಓಟ, ಹಾರುವುದು ಇಲ್ಲ. ಚೆಂಡು ಬಿಡುವುದು ಬೇಡ: ನಿಂತಲ್ಲೇ ಫ್ರೀ ಥ್ರೋ ಹಾಕಲಿ, ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಡ್ರಿಬಲ್ ಮಾಡಲಿ. ಟೀಮಿನ ಜೊತೆ ಇದ್ದೇನೆ ಎಂಬ ಭಾವ ಉಳಿದರೆ ಮನೆಯ ವ್ಯಾಯಾಮಕ್ಕೂ ಮನಸ್ಸು ಬರುತ್ತದೆ. ದಿನಾ ಗೋಡೆಯ ಅಳತೆಯ ಭಂಗಿಯಲ್ಲೇ ಮೊಣಕಾಲನ್ನು ಮುಂದೆ ಒತ್ತಿ ಹಿಂದೆ ತರುವುದು, 15ರಂತೆ ಮೂರು ಸುತ್ತು. ಮೀನಖಂಡದ ಎಳೆತ ಮೊಣಕಾಲು ನೇರವಿಟ್ಟು 30 ಸೆಕೆಂಡು ಮೂರು ಸಲ, ಸ್ವಲ್ಪ ಮಡಚಿ 30 ಸೆಕೆಂಡು ಮೂರು ಸಲ.

ಪೆರೋನಿಯಲ್ ಸ್ನಾಯುವಿಗೆ ರಬ್ಬರ್ ಬ್ಯಾಂಡ್ ಬೇಕು. ಸಿಗದಿದ್ದರೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೆಯ ಟ್ಯೂಬ್ ಕೇಳಿ, ಒಂದೂವರೆ ಮೀಟರ್ ಕತ್ತರಿಸಿ ತೊಳೆದು ಇಟ್ಟುಕೊಳ್ಳಿ. ಜಗಲಿಯಲ್ಲಿ ಕಾಲು ಚಾಚಿ ಕೂರಲಿ. ಮೀನಖಂಡದ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿ ನೆಲದಿಂದ ಎತ್ತರದಲ್ಲಿರಲಿ. ಟ್ಯೂಬಿನ ಒಂದು ತುದಿ ಎಡಬದಿಯ ಕಂಬಕ್ಕೆ, ಇನ್ನೊಂದು ತುದಿಯ ಕುಣಿಕೆ ಬಲಪಾದದ ಬೆರಳುಗಳ ಬುಡಕ್ಕೆ. ಕಿರುಬೆರಳಿನ ಬದಿಯನ್ನು ಹೊರಕ್ಕೂ ಮೇಲಕ್ಕೂ ಎರಡು ಸೆಕೆಂಡಿನಲ್ಲಿ ಎಳೆದು, ನಾಲ್ಕು ಸೆಕೆಂಡಿನಲ್ಲಿ ನಿಧಾನ ವಾಪಸು ಬಿಡುವುದು; 15ರಂತೆ ಮೂರು ಸುತ್ತು. ಹೆಚ್ಚಿನ ಮಕ್ಕಳು ಇಲ್ಲಿ ತಪ್ಪು ಮಾಡುತ್ತಾರೆ. ಪಾದ ತಿರುಗಿಸುವ ಬದಲು ಇಡೀ ಕಾಲನ್ನು ಸೊಂಟದಿಂದ ಹೊರಕ್ಕೆ ಹೊರಳಿಸುತ್ತಾರೆ. ಮೊಣಕಾಲ ಚಿಪ್ಪು ಛಾವಣಿಯನ್ನೇ ನೋಡುತ್ತಿರಬೇಕು. ಅದು ತಿರುಗಿತೆಂದರೆ ಆ ಎಣಿಕೆ ಲೆಕ್ಕಕ್ಕಿಲ್ಲ. ವಾಪಸು ಬಿಡುವಾಗ ಟ್ಯೂಬ್ ತಟ್ಟನೆ ಎಳೆದುಕೊಂಡು ಹೋಗಲು ಬಿಡಬಾರದು, ಪಾದ ಮಗುಚುವಾಗ ತಡೆಯುವ ಬಲ ಬೆಳೆಯುವುದು ಆ ನಿಧಾನದಲ್ಲೇ. ಇದರ ಜೊತೆ ಎರಡೂ ಕಾಲಿನಲ್ಲಿ ಹಿಮ್ಮಡಿ ಎತ್ತುವುದು 15ರಂತೆ ಮೂರು ಸುತ್ತು, ಮತ್ತು ಬರಿಗಾಲಲ್ಲಿ ಒಂಟಿಕಾಲಿನ ನಿಲುವು 30 ಸೆಕೆಂಡಿನಂತೆ ಐದು ಸಲ. ಹಲ್ಲುಜ್ಜುವಾಗಲೂ ನಿಲ್ಲಬಹುದು.

ನಾಲ್ಕರಿಂದ ಆರನೇ ವಾರ. ಒಂಟಿಕಾಲಿನ ನಿಲುವು ಅಲುಗದೆ ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲಲಿ, ಆಮೇಲೆ ನಾಲ್ಕು ಮಡಿಕೆಯ ಕಂಬಳಿಯ ಮೇಲೆ. ಅದೂ ಆದ ಮೇಲೆ ಚೆಂಡನ್ನು ಗೋಡೆಗೆ ಎಸೆದು ಹಿಡಿಯುತ್ತಾ. ಪಂದ್ಯದಲ್ಲಿ ಯಾರೂ ತಮ್ಮ ಪಾದ ನೋಡಿಕೊಂಡು ಆಡುವುದಿಲ್ಲವಲ್ಲ, ಗಮನ ಬೇರೆಡೆ ಇರುವಾಗಲೂ ಕಾಲು ಕೆಲಸ ಮಾಡಬೇಕು. ಬ್ಯಾಲೆನ್ಸ್ ಬೋರ್ಡ್ ಕೊಳ್ಳಬಹುದು. ಆದರೆ ಹಲಗೆಯ ಕೆಳಗೆ ತೆಂಗಿನ ಚಿಪ್ಪು ಇಟ್ಟು ಮನೆಯಲ್ಲೇ ಮಾಡಿಕೊಳ್ಳಬೇಡಿ, ಚಿಪ್ಪು ಒಡೆದರೆ ಅಥವಾ ಜಾರಿದರೆ ಅದೇ ಹರಡು ಮತ್ತೆ ಮಗುಚುತ್ತದೆ. ಹಿಮ್ಮಡಿ ಎತ್ತುವುದು ಈಗ ಒಂಟಿಕಾಲಿನಲ್ಲಿ, ಮೆಟ್ಟಿಲ ಅಂಚಿನಲ್ಲಿ ನಿಂತು. ಮೇಲೆ ಬಂದಾಗ ಭಾರ ಹೆಬ್ಬೆರಳ ಬುಡದ ಮೇಲಿರಲಿ; ಕಿರುಬೆರಳ ಕಡೆ ವಾಲಿ ಏರುವುದು ಇಂಥ ಕಾಲುಗಳ ಹಳೆಯ ಚಾಳಿ. ಸೊಂಟದ ಪಕ್ಕದ ಸ್ನಾಯುಗಳನ್ನೂ ಮರೆಯಬೇಡಿ. ಟ್ಯೂಬನ್ನು ಎರಡೂ ಕಾಲಿನ ಹರಡಿಗಿಂತ ಮೇಲೆ ಕಟ್ಟಿ, ಮೊಣಕಾಲು ತುಸು ಬಗ್ಗಿಸಿ, ಪಕ್ಕಕ್ಕೆ ಹತ್ತು ಹೆಜ್ಜೆ ಹೋಗಿ ಬರುವುದು, ನಾಲ್ಕು ಸುತ್ತು. ಸೊಂಟ ಸೋತರೆ ದೇಹ ಹೊರಕ್ಕೆ ವಾಲುತ್ತದೆ, ಆ ಭಾರವೆಲ್ಲ ಪಾದದ ಹೊರ ಅಂಚಿಗೆ ಬೀಳುತ್ತದೆ.

ಏಳರಿಂದ ಒಂಬತ್ತನೇ ವಾರ ಹಾರಿ ಇಳಿಯುವ ಪಾಠ. ಇದೇ ಮುಖ್ಯ, ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಮೊದಲು 20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಂದ ಎರಡೂ ಕಾಲಿನ ಮೇಲೆ ಇಳಿದು ಎರಡು ಸೆಕೆಂಡು ಅಲುಗದೆ ನಿಲ್ಲುವುದು. ಪಾದಗಳ ನಡುವೆ ಸೊಂಟದಷ್ಟು ಅಗಲ, ಮೊಣಕಾಲು ಎರಡನೇ ಬೆರಳಿನ ನೇರಕ್ಕೆ. ಕಿವಿಗೊಟ್ಟು ಕೇಳಿ: ಇಳಿದ ಸದ್ದು ‘ಧಪ್’ ಎಂದರೆ ಕಾಲು ಮೊದಲೇ ಸಿದ್ಧವಾಗಿರಲಿಲ್ಲ. ಸದ್ದಿಲ್ಲದೆ ಇಳಿಯಲು ಹೇಳಿದರೆ ಸಾಕು, ದೇಹ ಗಾಳಿಯಲ್ಲೇ ಸ್ನಾಯುಗಳನ್ನು ಬಿಗಿದುಕೊಳ್ಳಲು ಕಲಿಯುತ್ತದೆ. ಆಮೇಲೆ ಒಂಟಿಕಾಲಿನಲ್ಲಿ ಮುಂದಕ್ಕೆ, ಕೊನೆಗೆ ಪಕ್ಕಕ್ಕೆ, ಗೆರೆಯ ಆಚೆ ಈಚೆ. ದಿನಕ್ಕೆ ಪಾದ ನೆಲ ಮುಟ್ಟುವುದು 60 ಸಲದಿಂದ ಶುರುಮಾಡಿ ಮೂರು ವಾರದಲ್ಲಿ ನೂರಕ್ಕೆ ಏರಿಸಿ. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಒಂದು ದಿನ ಬಿಡುವು.

ಹತ್ತರಿಂದ ಹನ್ನೆರಡನೇ ವಾರ ಅಂಗಳಕ್ಕೆ. ಡಿಫೆನ್ಸ್‌ನ ಪಕ್ಕದ ಹೆಜ್ಜೆ, ಓಡುತ್ತಾ 45 ಡಿಗ್ರಿ ತಿರುಗುವುದು, ಆಮೇಲೆ 90. ಹಾರಿ ಚೆಂಡು ಹಿಡಿದು ಇಳಿಯುವಾಗ ಗೆಳತಿಯೊಬ್ಬಳು ದಿಂಬಿನಿಂದ ಭುಜಕ್ಕೆ ಮೆಲ್ಲಗೆ ತಳ್ಳಲಿ, ರೀಬೌಂಡಿನಲ್ಲಿ ಆಗುವುದು ಅದೇ. ಅಭ್ಯಾಸದ ಆಟ ಹತ್ತು ನಿಮಿಷ, ಮುಂದಿನ ಸಲ ಇಪ್ಪತ್ತು, ಹಾಗೆ ಪೂರ್ತಿಗೆ.

ಎಲ್ಲ ಹಂತಕ್ಕೂ ಒಂದೇ ನಿಯಮ. ವ್ಯಾಯಾಮದ ಹೊತ್ತಿಗೆ ಹತ್ತರಲ್ಲಿ ಮೂರರಷ್ಟು ನೋವು ಇರಬಹುದು, ಮರುದಿನ ಬೆಳಿಗ್ಗೆ ಇರಬಾರದು. ಬೆಳಿಗ್ಗೆ ಹೊರಗಂಟಿನ ಮುಂದಿನ ಗುಳಿ ತುಂಬಿಕೊಂಡಿದ್ದರೆ, ಅಂದರೆ ಎಡಗಾಲಿನಲ್ಲಿ ಕಾಣುವ ಗುಳಿ ಬಲಗಾಲಿನಲ್ಲಿ ಕಾಣದಿದ್ದರೆ, ಎರಡು ದಿನ ಬಿಟ್ಟು ಹಿಂದಿನ ಹಂತಕ್ಕೆ ಇಳಿಯಿರಿ. ಪೆರ್ಲದಿಂದ ದಿನಾ ಬಸ್ ಹತ್ತಿ ಫಿಸಿಯೋಥೆರಪಿಗೆ ಹೋಗುವುದು ಶಾಲೆಯ ಮಗುವಿಗೆ ಆಗದ ಮಾತು. ಎರಡು ವಾರಕ್ಕೊಮ್ಮೆ ತೋರಿಸಿ, ತಪ್ಪು ತಿದ್ದಿಸಿಕೊಂಡು, ಉಳಿದದ್ದನ್ನು ಮನೆಯಲ್ಲಿ ದಿನಕ್ಕೆ 25 ನಿಮಿಷ ಮಾಡಿದರೆ ಸಾಕು. ಕರೆಂಟ್ ಶಾಖ, ಅಲ್ಟ್ರಾಸೌಂಡ್ ಮಾತ್ರ ಕೊಟ್ಟು ಕಳಿಸುವ ಕಡೆ ದುಡ್ಡು ಹಾಕಬೇಡಿ.

ಪಟ್ಟಿಯ ವಿಚಾರ. ಕ್ರೇಪ್ ಬ್ಯಾಂಡೇಜು ಊತ ಒತ್ತಿ ಹಿಡಿಯುತ್ತದೆ, ಹರಡನ್ನು ಹಿಡಿಯುವುದಿಲ್ಲ. ಮೆಡಿಕಲ್ ಶಾಪಿನ ಕಾಲುಚೀಲದಂಥ ಎಲಾಸ್ಟಿಕ್ ತೊಡುಗೆಯೂ ಅಷ್ಟೆ. ಅವಳಿಗೆ ಬೇಕಾದದ್ದು ಶೂನಂತೆ ಲೇಸ್ ಕಟ್ಟುವ ಬ್ರೇಸ್, ಎರಡು ಪಟ್ಟಿಗಳು ಹಿಮ್ಮಡಿಯನ್ನು ಎಂಟರ ಆಕಾರದಲ್ಲಿ ಸುತ್ತುವಂಥದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ 1,460 ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಬ್ರೇಸ್ ತೊಟ್ಟವರಿಗೆ ಹರಡಿನ ಗಾಯ ತೊಡದವರ ಮೂರನೇ ಒಂದರಷ್ಟೇ ಆಯಿತು. ಆದರೆ ಆದ ಗಾಯಗಳ ತೀವ್ರತೆ ಕಡಿಮೆಯೇನೂ ಇರಲಿಲ್ಲ, ಅದನ್ನೂ ಹೇಳಬೇಕು. ತೆಳು ಕಾಲುಚೀಲದ ಮೇಲೆ ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಪಾದ ಲಂಬವಾಗಿರುವಾಗ ಕೆಳಗಿನಿಂದ ಮೇಲೆ ಬಿಗಿಯುತ್ತಾ ಬರಬೇಕು. ಬೆರಳು ಜೋಮು ಹಿಡಿದರೆ ಸಡಿಲಿಸಿ. ಅಭ್ಯಾಸ ಮತ್ತು ಪಂದ್ಯಕ್ಕೆ ಮಾತ್ರ, ಮನೆಯಲ್ಲಿ ಬೇಡ. ಕನಿಷ್ಠ ಒಂದು ಸೀಸನ್ ಪೂರ್ತಿ. ತೊಟ್ಟರೆ ಕಾಲು ದುರ್ಬಲವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ತಾಲೀಮು ನಡೆದಿರಬೇಕು ಅಷ್ಟೆ. ಅಂಟು ಟೇಪ್ ಸುತ್ತಲು ಕಲಿತ ಕೈ ಬೇಕು, ನಮ್ಮ ಕರಾವಳಿಯ ಸೆಕೆಗೆ ಬೆವರಿ ಅರ್ಧ ಗಂಟೆಯ ಆಟದಲ್ಲೇ ಬಹುಪಾಲು ಸಡಿಲವಾಗುತ್ತದೆ.

ಶೂ ಎತ್ತರದ್ದಾದರೆ ಉಳುಕುವುದಿಲ್ಲ ಎಂದು ಅಂಗಡಿಯವರು ಹೇಳಬಹುದು, ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಹಿಮ್ಮಡಿ ಜಾರದಂತೆ ಹಿಡಿಯುವ, ತಳ ಅಗಲವಿರುವ ಅಂಗಳದ ಶೂ ಸಾಕು. ದಪ್ಪ ಹಿಮ್ಮಡಿಯ ಓಟದ ಶೂ ಬೇಡ. ಹಿಮ್ಮಡಿಯಲ್ಲಿ ಗಾಳಿಚೀಲವಿರುವ ಶೂ ತೊಟ್ಟವರಿಗೆ ಹರಡಿನ ಗಾಯ ಹೆಚ್ಚು ಎಂದು ಆಸ್ಟ್ರೇಲಿಯಾದ 2001ರ ಅಧ್ಯಯನವೊಂದರಲ್ಲಿ ಕಂಡಿದೆ. ಹಿಂದೆ ಉಳುಕಿದವರಿಗೆ ಮತ್ತೆ ಗಾಯವಾಗುವ ಸಂಭವ ಸುಮಾರು ಐದು ಪಟ್ಟು ಎಂಬುದೂ ಅದೇ ಅಧ್ಯಯನದ ಲೆಕ್ಕ. ಸಿಮೆಂಟ್ ಅಂಗಳವಾದರೆ ಆಟಕ್ಕೆ ಮುಂಚೆ ಮರಳು, ಜಲ್ಲಿ ಗುಡಿಸಲೇಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಇಳಿಸಲೇಬೇಡಿ, ಆ ತಿಂಗಳುಗಳು ಜಗಲಿಯ ತಾಲೀಮಿಗೆ ಇರಲಿ.

ಪಂದ್ಯಕ್ಕೆ ಯಾವಾಗ? ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಗೋಡೆಯ ಅಳತೆಯ ವ್ಯತ್ಯಾಸ ಎರಡು ಸೆಂಟಿಮೀಟರಿನೊಳಗೆ, ಚಾಚುವ ಅಳತೆಯದು ನಾಲ್ಕರೊಳಗೆ ಬಂದಿರಬೇಕು. ಹಿಮ್ಮಡಿ ಎತ್ತುವ ಎಣಿಕೆ ಮತ್ತು ಒಂಟಿಕಾಲಿನ ಜಿಗಿತದ ದೂರ ಎಡಗಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಇರಬೇಕು. 30 ಸೆಂಟಿಮೀಟರ್ ಅಂತರದ ಎರಡು ಗೆರೆಗಳ ನಡುವೆ ಒಂಟಿಕಾಲಿನಲ್ಲಿ ಪಕ್ಕಕ್ಕೆ ಹಾರಿ ವಾಪಸು ಬರುವುದು ಹತ್ತು ಸಲ, ಕಾಲು ಕೈಕೊಟ್ಟಂತೆ ಅನಿಸದೆ ಆಗಬೇಕು. ಕೊನೆಯದಾಗಿ, ಯಾರೂ ಒತ್ತಾಯಿಸದೆ ‘ನಾನು ಸಿದ್ಧ’ ಎಂದು ಅವಳೇ ಹೇಳಬೇಕು. ಉಪಜಿಲ್ಲಾ ಪಂದ್ಯ ಬಂತು ಎಂದು ಪಿ.ಟಿ. ಮಾಸ್ಟ್ರು ಕರೆದರೂ ಈ ಅಳತೆಗಳ ಚೀಟಿ ತೋರಿಸಿ ಮಾತಾಡಿ. ಅವರನ್ನು ಒಪ್ಪಿಸಿ ಇಡೀ ಟೀಮಿಗೆ ದಿನಾ ಹತ್ತು ನಿಮಿಷ ಒಂಟಿಕಾಲಿನ ಸಮತೋಲನ ಮಾಡಿಸಿದರೆ ಇನ್ನೂ ಒಳ್ಳೆಯದು. ಹೈಸ್ಕೂಲ್ ಮಕ್ಕಳಲ್ಲಿ ಇದರಿಂದ ಉಳುಕು ಮೂರನೇ ಒಂದಕ್ಕಿಂತ ಹೆಚ್ಚು ಇಳಿದದ್ದು ದಾಖಲಾಗಿದೆ.

ಆಪರೇಷನ್ ಯಾವಾಗ ಎಂದರೆ: ಮೂರರಿಂದ ಆರು ತಿಂಗಳು ನಿಜವಾಗಿ ಇದನ್ನೆಲ್ಲ ಮಾಡಿ, ಬ್ರೇಸ್ ತೊಟ್ಟೂ ಕಾಲು ಕೈಕೊಡುತ್ತಲೇ ಇದ್ದು, ಪರೀಕ್ಷೆಯಲ್ಲೂ ಲಿಗಮೆಂಟ್ ಸಡಿಲವೆಂದು ಕಂಡರೆ. ಸ್ವೀಡನ್ನಿನ ಬ್ರೊಸ್ಟ್ರೋಮ್ 1966ರಲ್ಲಿ ವಿವರಿಸಿ, 1980ರಲ್ಲಿ ಗೌಲ್ಡ್ ಸುಧಾರಿಸಿದ, ಸಡಿಲವಾದ ಲಿಗಮೆಂಟನ್ನೇ ಬಿಗಿದು ಹೊಲಿಯುವ ವಿಧಾನ ಇಂದಿಗೂ ಮೊದಲ ಆಯ್ಕೆ. ಬೆಳವಣಿಗೆಯ ಫಲಕ ತೆರೆದಿರುವ ಮಕ್ಕಳಲ್ಲಿ ಇನ್ನೂ ಎಚ್ಚರ ಬೇಕು. ಆಟಕ್ಕೆ ಮರಳಲು ನಾಲ್ಕು ತಿಂಗಳು ಅಥವಾ ಹೆಚ್ಚು ಹಿಡಿಯುತ್ತದೆ, ಆಗಲೂ ಮೇಲೆ ಹೇಳಿದ ತಾಲೀಮು ತಪ್ಪುವುದಿಲ್ಲ. ನೋವಿಗೆಂದು ಲಿಗಮೆಂಟಿಗೆ ಸ್ಟೀರಾಯ್ಡ್ ಚುಚ್ಚಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ನಡುವೆ ಮತ್ತೆ ಉಳುಕಿದರೆ: ಆಟ ಅಲ್ಲಿಗೇ ನಿಲ್ಲಿಸಿ, ಶೂ ಬಿಚ್ಚಿ, ಕ್ರೇಪ್ ಬ್ಯಾಂಡೇಜು ಬೆರಳ ಬುಡದಿಂದ ಮೇಲಕ್ಕೆ ಸುತ್ತಿ, ಕಾಲು ಎತ್ತರದಲ್ಲಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10ರಿಂದ 15 ನಿಮಿಷ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಒಳ ಅಥವಾ ಹೊರಗಂಟಿನ ಹಿಂದಿನ ಅಂಚಿನಲ್ಲಿ ತುದಿಯಿಂದ ಆರು ಸೆಂಟಿಮೀಟರಿನೊಳಗೆ ಮೂಳೆ ಒತ್ತಿದಾಗ ನೋವಿದ್ದರೆ, ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವೆ ಉಬ್ಬಿದ ಮೂಳೆಯ ಮೇಲೋ ಒಳಬದಿಯ ಕಮಾನಿನ ಮೇಲೋ ನೋವಿದ್ದರೆ ಅದೇ ದಿನ ಎಕ್ಸ್‌ರೇ ಮಾಡಿಸಿ. ಇವು ಇಲ್ಲದಿದ್ದರೆ ಎರಡನೇ ದಿನದಿಂದಲೇ ಬ್ರೇಸ್ ತೊಟ್ಟು ಮೆಲ್ಲಗೆ ನಡೆಸಿ. ನಾಲ್ಕೈದು ದಿನ ಕಳೆದು ಊತ ಇಳಿದ ಮೇಲೆ ವೈದ್ಯರಿಗೆ ಇನ್ನೊಮ್ಮೆ ತೋರಿಸಿ, ಲಿಗಮೆಂಟ್ ಎಷ್ಟು ಹರಿದಿದೆ ಎಂಬುದು ಕೈಪರೀಕ್ಷೆಗೆ ಚೆನ್ನಾಗಿ ಸಿಗುವುದು ಆಗಲೇ.